ಕೈತುತ್ತು ಬಿಡಿಸಬೇಕೇ?

ವರದಿ ಮೂರೇ ಪುಟದ್ದು. ಬಂದಿರುವುದು ಅಮೆರಿಕದ ನ್ಯೂಜೆರ್ಸಿಯ ಒಂದು ಶಾಲೆಯಿಂದ. ಆಟಿಸಂ ಇರುವ ಆರು ವರ್ಷದ ಹುಡುಗ. ಅಪ್ಪ–ಅಮ್ಮ ಹಾಸನದ ಕಡೆಯವರು. ತಾಯಿ ಇನ್ನೂ ಕೈತುತ್ತು ಹಾಕುತ್ತಾಳೆ, ಮಗು ಅಜ್ಜಿಯ ಮಗ್ಗುಲಲ್ಲೇ ಮಲಗುತ್ತದೆ, ಮನೆಯಲ್ಲಿ ಎರಡು ಭಾಷೆ ನಡೆಯುತ್ತದೆ ಎಂದು ಅದರಲ್ಲಿ ಬರೆದಿದೆ. ಕೊನೆಯ ಪುಟದಲ್ಲಿ ಮೂರು ಸಲಹೆ: ಫೋರ್ಕ್ ಹಿಡಿದು ತಾನೇ ತಿನ್ನಲು ಕಲಿಸಿ, ಬೇರೆ ಕೋಣೆಯಲ್ಲಿ ಮಲಗಿಸಿ, ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ.

ಬೆಂಗಳೂರಿನಿಂದ ವಿಡಿಯೊ ಕರೆಯಲ್ಲಿ ಆ ಮಗುವಿಗೆ ಸ್ಪೀಚ್ ಥೆರಪಿ ಕೊಡುತ್ತಿರುವ ಯುವತಿ ಈ ವರದಿಯನ್ನು ಮೈಸೂರಿನ ಹಿರಿಯರೊಬ್ಬರ ಮುಂದೆ ಇಟ್ಟಳು. ಆ ಹಿರಿಯಾಕೆ ಫಿಸಿಯೋಥೆರಪಿಸ್ಟ್. ರಾಯಚೂರು, ಯಾದಗಿರಿ, ಚಾಮರಾಜನಗರದ ಹಳ್ಳಿಗಳಲ್ಲಿ ವಿಕಲಚೇತನ ಮಕ್ಕಳ ಮನೆಮನೆಗೆ ಹೋಗಿ ದುಡಿದವರು, ಈಗ ನಿವೃತ್ತರು. ಯುವತಿ ಓದಿದ್ದು ಮಾನಸಗಂಗೋತ್ರಿಯ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ. ಮಕ್ಕಳ ವಿಷಯದಲ್ಲಿ ತಿಳಿಯದ್ದು ಬಂದಾಗ ಈ ಮನೆಗೆ ಬರುವುದು ಅವಳಿಗೆ ಆಗಿನಿಂದಲೂ ರೂಢಿ.

"ಇದನ್ನ ಆ ಅಮ್ಮನಿಗೆ ಕನ್ನಡದಲ್ಲಿ ಬಿಡಿಸಿ ಹೇಳು ಅಂತ ಕೇಳಿದ್ದಾರೆ ಮೇಡಂ. ಹೇಗೆ ಹೇಳಲಿ? ಓದಿದ್ರೆ ಇಡೀ ಮನೆಯೇ ತಪ್ಪು ಅನ್ನೋ ಹಾಗಿದೆ. ಆಕೆ ಮೀಟಿಂಗಿನಲ್ಲಿ ಎಲ್ಲದಕ್ಕೂ ತಲೆಯಾಡಿಸಿ ಬಂದಿದ್ದಾರೆ. ಮೇಷ್ಟ್ರು ಹೇಳಿದ ಮೇಲೆ ಎದುರು ಮಾತಾಡೋದು ಹೇಗೆ ಅಂತ. ಮನೆಗೆ ಬಂದು ಅತ್ತಿದ್ದಾರೆ."

ಹಿರಿಯರು ಕನ್ನಡಕ ಹಾಕಿಕೊಂಡು ಮೂರೂ ಪುಟ ಓದಿದರು. "ಶಾಲೆಯವರ ಮೇಲೆ ಸಿಟ್ಟಾಗೋಕೆ ಮುಂಚೆ ಒಂದು ಕೆಲಸ ಮಾಡು. ಇದರಲ್ಲಿ ಮಗುವಿನ ಬಗ್ಗೆ ಇರೋದು ಯಾವುದು, ಮನೆಯ ರೂಢಿ ಬಗ್ಗೆ ಇರೋದು ಯಾವುದು, ಬೇರೆ ಬೇರೆ ಮಾಡು. ಬೆರಳಲ್ಲಿ ಹಿಡಿತ ಕಡಿಮೆ ಅಂತ ಬರೆದಿದ್ದಾರಲ್ಲ, ಅದು ಮಗುವಿನದು. ಫೋರ್ಕ್ ಬಳಸಲ್ಲ ಅಂತ ಬರೆದಿರೋದು ಮನೆಯದು. ಆ ಮನೇಲಿ ಫೋರ್ಕಲ್ಲಿ ಊಟ ಮಾಡೋರು ಯಾರಿದ್ದಾರೆ?"

"ಯಾರೂ ಇಲ್ಲ."

"ಮತ್ತೆ ಆ ಮಗು ಯಾರನ್ನ ನೋಡಿ ಕಲೀಬೇಕು?"

ತಟ್ಟೆಯಲ್ಲಿ ಅನ್ನ–ಸಾರು ಇದೆ ಎಂದುಕೊಂಡು ಅವರು ಬಲಗೈ ಮುಂದೆ ಚಾಚಿದರು. ಬಿಸಿ ಅನ್ನವನ್ನು ಬೆರಳ ತುದಿಯಿಂದ ಹರಡಿ ಆರಿಸುವುದು, ಹೆಬ್ಬೆರಳಿನಿಂದ ಅಗುಳು ಒತ್ತಿ ಹದ ನೋಡುವುದು, ನಾಲ್ಕು ಬೆರಳು ಕೂಡಿಸಿ ತುತ್ತನ್ನು ತಟ್ಟೆಯ ಅಂಚಿಗೆ ಎಳೆದು ಗಟ್ಟಿ ಮಾಡುವುದು, ಮಣಿಕಟ್ಟು ತಿರುಗಿಸಿ ಎತ್ತುವುದು, ಬಾಯಿಯ ಬಳಿ ಬಂದಾಗ ಹೆಬ್ಬೆರಳಿನಿಂದ ಒಳಗೆ ತಳ್ಳುವುದು. ಒಂದೊಂದನ್ನೂ ನಿಧಾನವಾಗಿ ಮಾಡಿ ತೋರಿಸಿದರು. "ಇಷ್ಟು ಕೆಲಸ ಇದೆ ಒಂದು ತುತ್ತಿನಲ್ಲಿ. ಬೆರಳಿನ ಹಿಡಿತ ಬೆಳೆಸೋಕೆ ಇದಕ್ಕಿಂತ ಒಳ್ಳೇ ವ್ಯಾಯಾಮ ಇನ್ನೊಂದಿಲ್ಲ, ದಿನಕ್ಕೆ ಮೂರು ಹೊತ್ತೂ ನಡೆಯುತ್ತೆ. ಕೈಯಲ್ಲಿ ತಾನೇ ತಿನ್ನೋದು ಕಲಿತರೆ ಅದೂ ಸ್ವಾವಲಂಬನೆ ಅಲ್ವಾ?"

"ಆದ್ರೆ ಮೇಡಂ, ಅವನಿಗೆ ಒದ್ದೆ ಮುಟ್ಟಿದರೆ ಆಗಲ್ಲ. ಅನ್ನ ಕೈಗೆ ಅಂಟಿದ್ರೆ ಕಿರುಚ್ತಾನೆ. ಅದಕ್ಕೇ ಅಮ್ಮ ತಿನ್ನಿಸೋದು."

"ನೋಡು, ಈ ಮಾತು ವರದಿಯಲ್ಲಿ ಎಲ್ಲೂ ಇಲ್ಲ. ಯಾಕೆ ತಿನ್ನಿಸ್ತೀರಿ ಅಂತ ಯಾರೂ ಕೇಳಿಲ್ಲ. ಆಟಿಸಂ ಇರೋ ಎಷ್ಟೋ ಮಕ್ಕಳಿಗೆ ಸ್ಪರ್ಶದ ಕಿರಿಕಿರಿ ಇರುತ್ತೆ. ಹಾಗಿದ್ರೆ ಚಪಾತಿ ಚೂರು, ದೋಸೆ ಚೂರಿನಿಂದ ಶುರು ಮಾಡು. ಶಾಲೆಯಲ್ಲಿ ಫೋರ್ಕೂ ಅಭ್ಯಾಸ ಆಗಲಿ, ಕೈಗೆ ಅಂಟಲ್ಲ ಅಂತ ಅವನಿಗೇ ಅದು ಇಷ್ಟ ಆದ್ರೂ ಆಗಬಹುದು. ಸಮಯ ಉಳಿಸೋಕೆ ತಿನ್ನಿಸೋ ಅಮ್ಮನಿಗೆ ಕೊಡೋ ಸಲಹೆ ಬೇರೆ, ಮಗು ಕಿರುಚುತ್ತೆ ಅಂತ ತಿನ್ನಿಸೋ ಅಮ್ಮನಿಗೆ ಕೊಡೋ ಸಲಹೆ ಬೇರೆ."

ಭಾಷೆಯ ಸಲಹೆಗೆ ಬಂದಾಗ ಯುವತಿಯೇ ಗಟ್ಟಿಯಾಗಿ ಮಾತಾಡಿದಳು. ಇದು ಅವಳ ವಿದ್ಯೆ. "ಇದಂತೂ ಒಪ್ಪಲ್ಲ ಮೇಡಂ. ಎರಡು ಭಾಷೆಯಿಂದ ಆಟಿಸಂ ಮಕ್ಕಳ ಮಾತು ಹಿಂದೆ ಬೀಳುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಮಾಂಟ್ರಿಯಲ್‌ನಲ್ಲಿ ಹ್ಯಾಂಬ್ಲಿ ಮತ್ತು ಫಾಂಬಾನ್ ಮಾಡಿದ ಅಧ್ಯಯನ 2012ರಲ್ಲಿ ಬಂತು. ಎರಡು ಭಾಷೆಯ ಮನೆಗಳಲ್ಲಿ ಬೆಳೆದ ಮಕ್ಕಳು ಒಂದೇ ಭಾಷೆಯ ಮಕ್ಕಳಿಗಿಂತ ಹಿಂದೆ ಇರಲಿಲ್ಲ. ಡೌನ್ ಸಿಂಡ್ರೋಮ್ ಮಕ್ಕಳ ಬಗ್ಗೆ ಕೆನಡಾದಲ್ಲೇ 2005ರಲ್ಲಿ ಇದೇ ಮಾತು ಬಂದಿತ್ತು. ಆದ್ರೂ ಈ ಸಲಹೆ ನಿಂತಿಲ್ಲ. ಅಲ್ಲಿ ಮಾತ್ರ ಅಲ್ಲ, ಬೆಂಗಳೂರಿನಲ್ಲೂ ಕೊಡ್ತಾರೆ. ಶಾಲೆ ಇಂಗ್ಲಿಷ್ ಮೀಡಿಯಂ, ಥೆರಪಿ ಇಂಗ್ಲಿಷ್, ಮನೇಲೂ ಇಂಗ್ಲಿಷ್ ಮಾಡಿ ಅಂತ."

"ಅಜ್ಜಿಗೆ ಇಂಗ್ಲಿಷ್ ಬರುತ್ತಾ?"

"ಇಲ್ಲ. ಈಗ ಅವರು ಮೊಮ್ಮಗನ ಹತ್ರ ಮಾತೇ ಆಡ್ತಿಲ್ಲ. ಆಡಿದ್ರೆ ಮಗುವಿಗೆ ಕೆಡುಕಾಗುತ್ತೇನೋ ಅನ್ನೋ ಹೆದರಿಕೆ. ಅಮ್ಮನ ಇಂಗ್ಲಿಷೂ ಅಂಗಡಿಗೆ, ಆಸ್ಪತ್ರೆಗೆ ಸಾಕಾಗುವಷ್ಟು. ಕತೆ ಹೇಳೋಕೆ, ರಮಿಸೋಕೆ ಆಗಲ್ಲ. ಮಗುವಿಗೆ ದಿನಕ್ಕೆ ಸಿಕ್ತಿದ್ದ ಮಾತಿನಲ್ಲಿ ಅರ್ಧಕ್ಕರ್ಧ ನಿಂತುಹೋಗಿದೆ."

ಮಲಗುವ ವಿಷಯದಲ್ಲಿ ಹಿರಿಯರು ಬೇರೆಯದೇ ಪ್ರಶ್ನೆ ಕೇಳಿದರು: ಅಜ್ಜಿ ಯಾವಾಗ ಊರಿಗೆ ಹೊರಡುತ್ತಾರೆ? ಪ್ರವಾಸಿ ವೀಸಾದಲ್ಲಿ ಹೋದವರಿಗೆ ಅಲ್ಲಿ ಸಾಮಾನ್ಯವಾಗಿ ಸಿಗುವುದು ಒಂದು ಸಲಕ್ಕೆ ಆರು ತಿಂಗಳು. ದಿನಚರಿ ತಪ್ಪಿದರೆ ತಳಮಳಗೊಳ್ಳುವ ಮಗುವಿನ ಪಕ್ಕದಿಂದ ಒಂದು ದಿನ ಅಜ್ಜಿ ಇದ್ದಕ್ಕಿದ್ದಂತೆ ಮಾಯವಾದರೆ ಏನಾಗಬಹುದು? "ಅಜ್ಜಿ ಜೊತೆ ಮಲಗೋದರಲ್ಲಿ ದೋಷ ಏನೂ ಇಲ್ಲ. ತಯಾರಿ ಬೇಕಿರೋದು ಅವರು ಹೊರಡೋ ದಿನಕ್ಕೆ. ಶಾಲೆಯವರು ಕೋಣೆ ನೋಡಿದ್ರು, ಮನೆಯವರು ಅಜ್ಜಿಯ ಪ್ರೀತಿ ನೋಡಿದ್ರು. ಕ್ಯಾಲೆಂಡರ್ ಇಬ್ಬರೂ ನೋಡಿಲ್ಲ."

"ಹಾಗಾದ್ರೆ ಶಾಲೆಯವರದೇ ತಪ್ಪು ಅಂತಾಯ್ತಲ್ಲ?" ಎಂದಳು ಯುವತಿ.

"ಅಷ್ಟು ಸುಲಭವಾಗಿ ಮುಗಿಯೋ ಮಾತಲ್ಲಮ್ಮ" ಎಂದು ಅವರು ಬೆತ್ ಹ್ಯಾರಿ ಮತ್ತು ಮಾಯಾ ಕಲ್ಯಾಣಪುರ ಅವರ ಕೆಲಸವನ್ನು ನೆನೆದರು. ಹ್ಯಾರಿ ಜಮೈಕಾದವರು, ಅವರ ಮಗಳಿಗೆ ಸೆರೆಬ್ರಲ್ ಪಾಲ್ಸಿ ಇತ್ತು. ತಾಯಿಯಾಗಿಯೂ ಸಂಶೋಧಕಿಯಾಗಿಯೂ ಮೇಜಿನ ಎರಡೂ ಬದಿಯಲ್ಲಿ ಕೂತವರು. 1999ರಲ್ಲಿ ಇಬ್ಬರೂ ಸೇರಿ ಅಮೆರಿಕದ ವಿಶೇಷ ಶಿಕ್ಷಣದ ಮೇಲೆ ಒಂದು ಪುಸ್ತಕ ಬರೆದರು. ಅದರಲ್ಲಿ ಶಿಕ್ಷಕರಿಗೆ ನಾಲ್ಕು ಹೆಜ್ಜೆ ಹೇಳಿದ್ದಾರೆ. ಮೊದಲನೆಯದು ಕುಟುಂಬವನ್ನು ವಿಚಾರಿಸುವುದಲ್ಲ, ತನ್ನನ್ನೇ ವಿಚಾರಿಸಿಕೊಳ್ಳುವುದು: ಈ ಸಲಹೆಯ ಹಿಂದೆ ನಾನು ನಂಬಿರುವ ಮೌಲ್ಯ ಯಾವುದು? ಎರಡನೆಯದು, ಈ ಮನೆಯವರಿಗೂ ಅದು ಮೌಲ್ಯವೇ ಎಂದು ಕೇಳುವುದು. ಮೂರನೆಯದು, ವ್ಯತ್ಯಾಸ ಇದ್ದರೆ ಅದನ್ನು ಗೌರವದಿಂದ ಒಪ್ಪಿ, ತನ್ನ ಸಲಹೆ ಎಲ್ಲಿಂದ ಹುಟ್ಟಿತೆಂದು ಬಿಚ್ಚಿ ಹೇಳುವುದು. ನಾಲ್ಕನೆಯದು, ಇಬ್ಬರೂ ಕೂತು ದಾರಿ ಹುಡುಕುವುದು.

"ಮೂರನೇದು ಇದೆಯಲ್ಲ, ಅದನ್ನ ಎಲ್ಲರೂ ಹಾರಿಸಿಬಿಡ್ತಾರೆ" ಎಂದರು ಹಿರಿಯರು. "ಆರು ವರ್ಷದ ಮಗು ತಾನೇ ತಿನ್ನಬೇಕು, ತಾನೇ ಮಲಗಬೇಕು ಅಂತ ಆ ಶಾಲೆ ಯಾಕೆ ಅಷ್ಟು ಒತ್ತಿ ಹೇಳುತ್ತೆ? ಮುಂದೆ ಅವನು ಬೇರೆ ಮನೆ ಮಾಡಿಕೊಂಡು ಇರಬೇಕಾಗಬಹುದು ಅನ್ನೋ ಲೆಕ್ಕ ಅವರದು. ನಮ್ಮವರ ಮನಸ್ಸಿನಲ್ಲಿ ಅವನು ಯಾವತ್ತೂ ಮನೆಯವರ ಜೊತೆಗೇ ಇರ್ತಾನೆ. ಎರಡೂ ಕಡೆ ಮಗುವಿನ ಭವಿಷ್ಯವನ್ನೇ ಯೋಚಿಸ್ತಿದ್ದಾರೆ. ಆದ್ರೆ ಆ ಭವಿಷ್ಯ ಎಂಥದು ಅಂತ ಒಬ್ಬರು ಇನ್ನೊಬ್ಬರಿಗೆ ಹೇಳಿಲ್ಲ."

ಹೇಳದೇ ಉಳಿದ ಮಾತು ಎಲ್ಲಿಗೆ ಮುಟ್ಟಬಹುದು ಎನ್ನುವುದಕ್ಕೆ ಅವರು ಲಿಯಾ ಲೀ ಎಂಬ ಮಗುವಿನ ಕತೆ ಹೇಳಿದರು. ವೈದ್ಯಕೀಯ ವಿದ್ಯಾರ್ಥಿಗಳಿಗೆ ಈಗ ಅನೇಕ ಕಡೆ ಪಾಠವಾಗಿರುವ ಕತೆ ಅದು. ಲಾವೋಸ್‌ನಿಂದ ನಿರಾಶ್ರಿತರಾಗಿ ಬಂದ ಹ್ಮಾಂಗ್ ಸಮುದಾಯದ ದಂಪತಿಗೆ 1982ರಲ್ಲಿ ಕ್ಯಾಲಿಫೋರ್ನಿಯಾದ ಮರ್ಸೆಡ್‌ನಲ್ಲಿ ಹುಟ್ಟಿದ ಮಗಳು. ಮೂರು ತಿಂಗಳಿರುವಾಗ ಮೊದಲ ಸಲ ಮೂರ್ಛೆ ಬಂತು. ಬಾಗಿಲು ದಢಾರನೆ ಬಡಿದ ಸದ್ದಿಗೆ ಮಗುವಿನ ಆತ್ಮ ಬೆದರಿ ಓಡಿಹೋಗಿದೆ ಎಂದು ತಂದೆ–ತಾಯಿ ನಂಬಿದರು. ಮೂರ್ಛೆ ಬರುವವರಿಗೆ ಮುಂದೆ ದೈವಶಕ್ತಿ ಒಲಿಯಬಹುದೆಂಬ ಗೌರವವೂ ಅವರ ಸಮುದಾಯದಲ್ಲಿತ್ತು. ವೈದ್ಯರು ಕಂಡದ್ದು ಮಿದುಳಿನ ಕಾಯಿಲೆ.

"ಇಬ್ಬರೂ ಮಗುವನ್ನ ಉಳಿಸೋಕೆ ಒದ್ದಾಡಿದವರೇ. ಆದ್ರೆ ಓದು ಬಾರದ ಅಪ್ಪ–ಅಮ್ಮನಿಗೆ ಕೊಟ್ಟ ಔಷಧಿ ಚೀಟಿ ನಾಲ್ಕು ವರ್ಷದೊಳಗೆ 23 ಸಲ ಬದಲಾಯ್ತು. ಎಷ್ಟು ಹನಿ, ಎಷ್ಟು ಮಾತ್ರೆ, ಯಾವುದು ನಿಲ್ಲಿಸಬೇಕು ಅಂತ ಅವರಿಗೆ ತಿಳೀಲಿಲ್ಲ. ಔಷಧಿಯಿಂದ ಮಗು ಮಂಕಾಗುತ್ತೆ ಅಂತಲೂ ಅನ್ನಿಸಿ ಕೆಲವು ನಿಲ್ಲಿಸಿದ್ರು. ಹೇಳಿದ್ದು ಕೇಳಲ್ಲ ಅಂತ ವೈದ್ಯರು ದೂರು ಕೊಟ್ಟ ಮೇಲೆ 1985ರಲ್ಲಿ ಮಗುವನ್ನ ಕೋರ್ಟಿನ ಮೂಲಕ ಬೇರೆ ಮನೆಗೆ ಕಳಿಸಿದ್ರು. ಮಾರನೇ ವರ್ಷ ವಾಪಸ್ ಬಂತು. ಅದೇ 1986ರ ನವೆಂಬರಿನಲ್ಲಿ ದೊಡ್ಡ ಮೂರ್ಛೆ, ಸೋಂಕು. ಮಿದುಳು ಪೂರ್ತಿ ಹಾಳಾಯ್ತು."

"ಮಗು ಹೋಗಿಬಿಡ್ತಾ?"

"ಇನ್ನು ಕೆಲವೇ ದಿನ ಅಂತ ವೈದ್ಯರು ಅಂದುಕೊಂಡಿದ್ರು. ಆ ತಾಯಿ ಮನೆಗೆ ಕರೆದುಕೊಂಡು ಹೋಗಿ, ಹೊತ್ತು, ಉಣಿಸಿ, ಸ್ನಾನ ಮಾಡಿಸಿ ಸಾಕಿದ್ರು. ಲಿಯಾ ಮತ್ತೆ 26 ವರ್ಷ ಬದುಕಿದ್ದಳು. ತೀರಿಕೊಂಡಿದ್ದು 2012ರಲ್ಲಿ. ಮಗುವನ್ನ ಸರಿಯಾಗಿ ನೋಡಿಕೊಳ್ಳಲ್ಲ ಅಂತ ಯಾರಿಂದ ಕಿತ್ಕೊಂಡಿದ್ರೋ, ಅವರೇ ಅಷ್ಟು ವರ್ಷ ಕಾಪಾಡಿದ್ರು."

ಈ ಕತೆಯನ್ನು ಆನ್ ಫೆಡಿಮನ್ 1997ರಲ್ಲಿ ಪುಸ್ತಕವಾಗಿ ಬರೆದರು. ಏನು ಮಾಡಬಹುದಿತ್ತು ಎಂದು ಆಕೆ ಕೇಳಿದ್ದು ಹಾರ್ವರ್ಡ್‌ನ ಮನೋವೈದ್ಯ, ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್ ಅವರನ್ನು. ಕುಟುಂಬಕ್ಕೆ ಇರುವಷ್ಟೇ ಬಲವಾದ ಸಂಸ್ಕೃತಿ ಆಸ್ಪತ್ರೆಗೂ ಇದೆ, ಅದನ್ನು ಕಾಣದವರಿಗೆ ಇನ್ನೊಬ್ಬರದು ತಿಳಿಯುವುದು ಹೇಗೆ ಎಂಬುದು ಅವರ ನಿಲುವು. ಅವರು ಮತ್ತು ಸಹೋದ್ಯೋಗಿಗಳು 1978ರಷ್ಟು ಹಿಂದೆಯೇ ರೋಗಿಗೆ ಕೇಳಬೇಕಾದ ಕೆಲವು ಸರಳ ಪ್ರಶ್ನೆಗಳನ್ನು ಸೂಚಿಸಿದ್ದರು. ಇದನ್ನು ನೀವು ಏನೆಂದು ಕರೆಯುತ್ತೀರಿ, ಯಾಕೆ ಬಂತು ಅನ್ನಿಸುತ್ತದೆ, ಏನು ಮಾಡಿದರೆ ವಾಸಿಯಾದೀತು, ಇದರಲ್ಲಿ ನಿಮಗೆ ಅತಿ ಹೆಚ್ಚು ಹೆದರಿಕೆ ಹುಟ್ಟಿಸುವುದು ಯಾವುದು ಎಂಬಂಥವು.

"ಈ ಕೊನೇ ಪ್ರಶ್ನೇನ ನಾನು ಯಾವತ್ತೂ ಕೇಳಿಲ್ಲ" ಎಂದಳು ಯುವತಿ. ಬರೆದುಕೊಂಡಳು.

"ಸಮುದ್ರ ದಾಟಿದವರಿಗೆ ಮಾತ್ರ ಈ ಅಂತರ ಅಂದುಕೋಬೇಡ. ರಾಯಚೂರಿನ ಒಂದು ತಾಂಡಾದಲ್ಲಿ ಸೆರೆಬ್ರಲ್ ಪಾಲ್ಸಿ ಇರೋ ಹುಡುಗಿಗೆ ಶಿಬಿರದಿಂದ ಒಂದು ವಿಶೇಷ ಕುರ್ಚಿ ಬಂದಿತ್ತು. ಒಳ್ಳೇ ಕುರ್ಚಿ, ಬೆಲ್ಟು, ಹಲಗೆ ಎಲ್ಲ ಇತ್ತು. ನಾನು ಹೋದಾಗ ಅದು ಮೂಲೆಯಲ್ಲಿತ್ತು, ಮೇಲೆ ಹಾಸಿಗೆ ಸುತ್ತಿ ಇಟ್ಟಿದ್ರು. ಯಾಕಮ್ಮ ಅಂತ ಕೇಳಿದೆ. ಮನೆಯವರೆಲ್ಲ ನೆಲದ ಮೇಲೆ ಕೂರೋರು. ಇವಳೊಬ್ಬಳು ಮೇಲೆ. ತಾಯಿ ರೊಟ್ಟಿ ಬಡೀತಾ ಕೂತರೆ ಮಗುವಿನ ಬಾಯಿ ಕೈಗೆ ಎಟುಕಲ್ಲ, ತಂಗಿ ತಮ್ಮಂದಿರ ಆಟ ಇವಳಿಗೆ ಕಾಣಲ್ಲ. ಬಡಗಿಯನ್ನ ಕರೆಸಿ ನಾಲ್ಕೂ ಕಾಲು ಕೊಯ್ಸಿದ್ವಿ. ಬೆನ್ನಿಗೆ, ಪಕ್ಕಕ್ಕೆ ಆಸರೆ ಹಾಗೇ ಇತ್ತು, ಕೂತಿದ್ದು ಮಾತ್ರ ನೆಲದ ಮಟ್ಟದಲ್ಲಿ. ಅವತ್ತಿಂದ ಅವಳು ಒಲೆ ಮುಂದೆ ಎಲ್ಲರ ಜೊತೆ."

ಮೆಕ್ಸಿಕೊದ ಬೆಟ್ಟದ ಹಳ್ಳಿಯೊಂದರಲ್ಲಿ ವಿಕಲಚೇತನರೇ ನಡೆಸುತ್ತಿದ್ದ ಕೇಂದ್ರದ ಅನುಭವದಿಂದ ಡೇವಿಡ್ ವರ್ನರ್ 1987ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಇಂಥ ನೂರಾರು ಉಪಾಯಗಳಿವೆ. ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಮೂಳೆತಜ್ಞ ಡಾ. ಪಿ.ಕೆ. ಸೇಥಿ 1960ರ ದಶಕದ ಕೊನೆಗೆ ರೂಪಿಸಿದ ಕೃತಕ ಪಾದದ ಹಿಂದೆಯೂ ಇದೇ ನೋಟವಿತ್ತು. ಆಗ ಸಿಗುತ್ತಿದ್ದ ಪಾಶ್ಚಾತ್ಯ ಮಾದರಿಯ ಪಾದ ಬೂಟಿನೊಳಗೆ ಇರಲು ಮಾಡಿದ್ದು. ಅದನ್ನು ಹಾಕಿಕೊಂಡು ಚಕ್ಕಳಮಕ್ಕಳ ಹಾಕಲು, ಕುಕ್ಕರಗಾಲಲ್ಲಿ ಕೂರಲು, ಬರಿಗಾಲಲ್ಲಿ ಕೆಸರುಗದ್ದೆಗೆ ಇಳಿಯಲು ಆಗುತ್ತಿರಲಿಲ್ಲ. ಜನ ಅದನ್ನು ಬಿಚ್ಚಿಟ್ಟು ಊರುಗೋಲು ಹಿಡಿಯುತ್ತಿದ್ದರು. ರಬ್ಬರಿನ ಜೈಪುರ ಪಾದ ಈ ಮೂರೂ ಕೆಲಸಕ್ಕೆ ಒದಗಿತು.

"ವಸ್ತು ಬದಲಾಯಿಸಬಹುದು ಮೇಡಂ. ನಂಬಿಕೆ? ಗ್ರಹಣದಲ್ಲಿ ಹೊರಗೆ ಬಂದೆ ಅದಕ್ಕೇ ಹೀಗೆ, ಹಿಂದಿನ ಜನ್ಮದ ಪಾಪ ಅಂತಾರೆ. ಅದನ್ನೂ ಗೌರವಿಸಬೇಕಾ?"

ಹಿರಿಯರು ಸ್ವಲ್ಪ ಹೊತ್ತು ಯೋಚಿಸಿದರು. "ನಂಬಿಕೆ ಮಗುವಿನ ಹತ್ರ ಜನರನ್ನ ಕರೆತರುತ್ತೋ, ದೂರ ತಳ್ಳುತ್ತೋ ಅಂತ ನೋಡ್ತೀನಿ. ದೇವರು ನಮ್ಮ ಕೈಲಿ ಆಗುತ್ತೆ ಅಂತ ಕೊಟ್ಟಿದ್ದಾನೆ ಅನ್ನೋ ಮನೇಲಿ ನಾನು ವಾದ ಮಾಡೋಕೆ ಹೋಗಲ್ಲ. ಅದೇ ನಂಬಿಕೆಯಿಂದ ಸೊಸೆಯನ್ನ ಹಿಂಸೆ ಮಾಡ್ತಿದ್ರೆ ಸುಮ್ಮನಿರಲ್ಲ. ಇನ್ನು ಪಾಪದ ಮಾತು ಅಜ್ಜಿಯರಷ್ಟೇ ಆಡ್ತಾರೆ ಅನ್ನಬೇಡ. ರಕ್ತಸಂಬಂಧದಲ್ಲಿ ಮದುವೆ ಆಗಿದ್ದೀರಲ್ಲ, ಇನ್ನೇನಾಗುತ್ತೆ ಅಂತ ಹೊರರೋಗಿ ವಿಭಾಗದಲ್ಲಿ ನಿಂತಲ್ಲೇ ಅಂದುಬಿಡ್ತಾರೆ. ಆ ಒಂದು ಮಾತು ಇಟ್ಟುಕೊಂಡು ಮನೇಲಿ ವರ್ಷಗಟ್ಟಲೆ ಮಗುವಿನ ತಾಯಿಯನ್ನ ಚುಚ್ತಾರೆ."

"ಆದ್ರೆ ಅದು ವಿಜ್ಞಾನ ಅಲ್ವಾ? ನಮ್ಮಲ್ಲಿ ಅಕ್ಕನ ಮಗಳನ್ನ ಮದುವೆ ಆಗೋದು ಇದೆಯಲ್ಲ."

"ವಿಜ್ಞಾನವನ್ನ ಪೂರ್ತಿ ಹೇಳು ಮತ್ತೆ. ಬ್ರಿಟನ್ನಿನ ಬ್ರಾಡ್‌ಫೋರ್ಡಿನಲ್ಲಿ ಸಾವಿರಾರು ಮಕ್ಕಳನ್ನ ಹುಟ್ಟಿನಿಂದ ಗಮನಿಸಿದ್ರು. ಅಲ್ಲಿ ಪಾಕಿಸ್ತಾನ ಮೂಲದ ಮನೆಗಳಲ್ಲಿ ಒಡಹುಟ್ಟಿದವರ ಮಕ್ಕಳು ಮದುವೆಯಾಗೋದು ಹೆಚ್ಚು. ಜನ್ಮಜಾತ ದೋಷದ ಸಂಭವ ಅಂಥ ದಂಪತಿಗಳಲ್ಲಿ ನೂರಕ್ಕೆ 3ರಿಂದ 6ಕ್ಕೆ ಏರುತ್ತೆ ಅಂತ 2013ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅಪಾಯ ದುಪ್ಪಟ್ಟು ಅನ್ನೋದು ನಿಜ. ನೂರಕ್ಕೆ 94 ಮಕ್ಕಳು ಅಂಥ ದೋಷ ಇಲ್ಲದೇ ಹುಟ್ತಾರೆ ಅನ್ನೋದೂ ನಿಜ. ಸೋದರಮಾವನ ಜೊತೆ ಮದುವೆಯಾದ್ರೆ ನೆಂಟಸ್ತಿಕೆ ಇನ್ನೂ ಹತ್ತಿರದ್ದು, ಅಪಾಯವೂ ಹೆಚ್ಚು. ಇದನ್ನೆಲ್ಲ ಗಂಡನನ್ನೂ ಅತ್ತೆಯನ್ನೂ ಕೂರಿಸಿಕೊಂಡು ಹೇಳಬೇಕು. ತಳಿದೋಷ ಗಂಡ–ಹೆಂಡತಿ ಇಬ್ಬರಿಂದಲೂ ಒಂದೊಂದು ಪಾಲು ಬಂದಾಗ ಮಾತ್ರ ಎಷ್ಟೋ ಕಾಯಿಲೆ ಕಾಣಿಸಿಕೊಳ್ಳೋದು ಅಂತ ಚಿತ್ರ ಬರೆದು ತೋರಿಸಿದ್ರೆ ಆ ಹುಡುಗಿ ಮೇಲಿನ ಭಾರ ಅರ್ಧ ಇಳಿಯುತ್ತೆ."

ದೇವಸ್ಥಾನ, ದರ್ಗಾಗಳ ಮಾತು ಬಂತು. ಮಾನಸಿಕ ಕಾಯಿಲೆಯಿಂದ ಅಂಗವೈಕಲ್ಯದ ಸ್ಥಿತಿಗೆ ಬಂದವರನ್ನು ಕುಟುಂಬಗಳು ಮೊದಲು ಕರೆದೊಯ್ಯುವುದು ಅನೇಕ ಸಲ ಅಲ್ಲಿಗೇ. ನಿಮ್ಹಾನ್ಸ್‌ನ ಡಾ. ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಮುತ್ತುಸ್ವಾಮಿ ದೇವಸ್ಥಾನವೊಂದಕ್ಕೆ ಹೋಗಿ, ಅಲ್ಲಿ ಮನೆಯವರೊಂದಿಗೆ ತಂಗಿದ್ದ 31 ಜನರನ್ನು ಗಮನಿಸಿದರು. ಯಾವ ಔಷಧಿಯೂ ಇರಲಿಲ್ಲ. ಕಟ್ಟಿಹಾಕುತ್ತಿರಲಿಲ್ಲ, ಹಣ ಕೇಳುತ್ತಿರಲಿಲ್ಲ, ದೇವಸ್ಥಾನದಲ್ಲಿ ಕೈಜೋಡಿಸುವ ಸಣ್ಣ ಕೆಲಸಗಳಿದ್ದವು. ಕಾಯಿಲೆಯ ಲಕ್ಷಣ ಅಳೆಯುವ ಮಾಪನದಲ್ಲಿ ಸರಾಸರಿ ಶೇ. 20ರಷ್ಟು ಇಳಿಕೆ ಕಂಡಿತು. ಇದು 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಅದಕ್ಕೆ ಒಂದು ವರ್ಷ ಹಿಂದೆ, 2001ರ ಆಗಸ್ಟ್ 6ರಂದು, ಅದೇ ರಾಜ್ಯದ ಏರ್ವಾಡಿಯಲ್ಲಿ ದರ್ಗಾದ ಸುತ್ತ ಬೆಳೆದಿದ್ದ ಖಾಸಗಿ ವಸತಿಗಳಲ್ಲೊಂದಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿದ್ದ 28 ಜನ ಓಡಲಾರದೆ ಸತ್ತಿದ್ದರು.

"ಎರಡೂ ಕಡೆ ಭಕ್ತಿ ಇತ್ತು" ಎಂದರು ಹಿರಿಯರು. "ಒಂದು ಕಡೆ ಮನೆಯವರು ಜೊತೆಗಿದ್ರು, ಸರಪಳಿ ಇರಲಿಲ್ಲ. ನಾನು ಗಮನಿಸೋದು ಅದನ್ನ. ಹರಕೆ ತೀರಿಸೋಕೆ ಹೋಗಿಬನ್ನಿ, ಫಿಟ್ಸ್ ಮಾತ್ರೆ ಮಾತ್ರ ಒಂದು ಹೊತ್ತೂ ತಪ್ಪಿಸಬೇಡಿ ಅಂತ ಹೇಳಿ ಡಬ್ಬಿ ಕೈಗೆ ಕೊಟ್ಟು ಕಳಿಸ್ತಿದ್ದೆ. ಹರಕೆಗೆ ಅಡ್ಡ ಬಂದಿದ್ರೆ ಅವರು ಹೇಳದೇ ಹೋಗ್ತಿದ್ರು, ಮಾತ್ರೆ ಮನೇಲೇ ಉಳೀತಿತ್ತು. ಹೊಡೆಯೋದು, ಕಟ್ಟಿಹಾಕೋದು, ಬರೆ ಎಳೆಯೋದು, ಇದಕ್ಕೆ ಮಾತ್ರ ಯಾವ ರೂಢಿಯ ಹೆಸರಿನಲ್ಲೂ ನನ್ನ ಒಪ್ಪಿಗೆ ಇಲ್ಲ."

ಯುವತಿಗೆ ಇನ್ನೊಂದು ಅನುಮಾನ ಉಳಿದಿತ್ತು. ಕುಟುಂಬದ ಮಾತನ್ನೇ ಇಷ್ಟು ಕೇಳುತ್ತಾ ಹೋದರೆ ಮಗುವಿನ ಮಾತನ್ನು ಯಾರು ಕೇಳುತ್ತಾರೆ?

ಹಿರಿಯರ ಮುಖ ಅರಳಿತು. ಸ್ವತಂತ್ರವಾಗಿ ಬದುಕಬೇಕು ಎಂಬ ಆ ಶಾಲೆಯ ಮೌಲ್ಯ ವೈದ್ಯರು ಕಟ್ಟಿದ್ದಲ್ಲ, ವಿಕಲಚೇತನರೇ ಹೋರಾಡಿ ಕಟ್ಟಿದ್ದು ಎಂದು ನೆನಪಿಸಿದರು. ಪೋಲಿಯೊದಿಂದ ಕತ್ತಿನ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಎಡ್ ರಾಬರ್ಟ್ಸ್ 1962ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯ ಸೇರಿದರು. ಉಸಿರಾಟಕ್ಕೆ ಯಂತ್ರ ಬೇಕಿದ್ದ ಅವರು ಇದ್ದದ್ದು ಕ್ಯಾಂಪಸ್ಸಿನ ಆಸ್ಪತ್ರೆಯಲ್ಲಿ. 1972ರಲ್ಲಿ ಬರ್ಕ್ಲಿಯಲ್ಲಿ ಶುರುವಾದ ಸ್ವತಂತ್ರ ಜೀವನ ಕೇಂದ್ರ ಆ ಚಳವಳಿಯ ಬೇರು. "ಅವರು ಯಾರ ಸಹಾಯವೂ ಬೇಡ ಅನ್ನಲಿಲ್ಲ. ಸಹಾಯ ಯಾರಿಂದ, ಯಾವಾಗ, ಹೇಗೆ ಅಂತ ನಾವು ತೀರ್ಮಾನ ಮಾಡ್ತೀವಿ ಅಂದ್ರು. ಕೈತುತ್ತೇ ಆಗಲಿ, ಇನ್ನೊಂದು ಬೇಕಾ, ಸಾಕಾ ಅಂತ ಮಗುವನ್ನ ಕೇಳಿ ಕಾಯೋ ಮನೆ ಇದೆ. ಕೇಳದೇ ತುರುಕೋ ಮನೆಯೂ ಇದೆ. ನಿನ್ನ ಕೆಲಸ ಅಲ್ಲಿದೆ. ಸಾಕು ಅನ್ನೋದಕ್ಕೆ ಅವನಿಗೊಂದು ಸನ್ನೆ ಕಲಿಸು, ಆ ಸನ್ನೆ ಮಾಡಿದಾಗ ನಿಲ್ಲಿಸೋದನ್ನ ಮನೆಯವರಿಗೆ ಕಲಿಸು."

ಇದನ್ನು ಮನೆಯವರಿಗೆ ಕಲಿಸುವ ಬಗೆಗೆ ಯುವತಿಯ ಬಳಿ ಒಂದು ಮಾದರಿ ಇತ್ತು. ಬ್ರಿಟನ್ನಿನಲ್ಲಿ ತಜ್ಞರು ನಡೆಸುತ್ತಿದ್ದ ಒಂದು ಪೋಷಕರ ತರಬೇತಿಯನ್ನು ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಗೆ ಹೊಂದಿಸಿ 65 ಆಟಿಸಂ ಮಕ್ಕಳ ಕುಟುಂಬಗಳಲ್ಲಿ ಪರೀಕ್ಷಿಸಲಾಗಿತ್ತು; ಫಲಿತಾಂಶ 2016ರಲ್ಲಿ ಬಂತು. ಇಲ್ಲಿ ಕಲಿಸಿದವರು ತಜ್ಞರಲ್ಲ, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು. ಪೋಷಕರು ಮಗುವಿನ ಜೊತೆ ಆಡುವುದನ್ನು ವಿಡಿಯೊ ಮಾಡಿ, ಅವರಿಗೇ ತೋರಿಸಿ, ಮಗು ಎಲ್ಲಿ ಕಣ್ಣು ಹಾಯಿಸಿತು, ನೀವು ಯಾವಾಗ ಕಾದಿರಿ ಎಂದು ಮಾತಾಡುತ್ತಿದ್ದರು. ಪೋಷಕರು ಮಗುವಿನ ಗತಿಗೆ ಸ್ಪಂದಿಸುವುದೂ ಮಗು ತಾನಾಗಿ ಸಂವಹನಕ್ಕೆ ಮುಂದಾಗುವುದೂ ಹೆಚ್ಚಿತು.

"ನಿನ್ನ ಕೆಲಸವೂ ವಿಡಿಯೊದಲ್ಲೇ ಇದೆಯಲ್ಲ. ಅಜ್ಜಿ ಮೊಮ್ಮಗನಿಗೆ ದೋಸೆ ತಿನ್ನಿಸೋದನ್ನ ರೆಕಾರ್ಡ್ ಮಾಡಿಸಿ ಅವರಿಗೇ ತೋರಿಸು. ಕನ್ನಡದಲ್ಲಿ ಮಾತಾಡ್ತಾ ತಿನ್ನಿಸಲಿ. ಆಮೇಲೆ ಅದೇ ವಿಡಿಯೊ ಶಾಲೆಗೆ ಕಳಿಸು. ಮಗು ಯಾರ ಮಾತಿಗೆ ತಿರುಗಿ ನೋಡ್ತಾನೆ ಅಂತ ಅವರೂ ನೋಡಲಿ."

"ಶಾಲೆಯವರು ಕೇಳ್ತಾರಾ?"

"ಕೇಳಲೇಬೇಕು. ಅಲ್ಲಿ 1975ರಿಂದ ಕಾನೂನು ಇದೆ, ಮಗುವಿನ ಶಿಕ್ಷಣ ಯೋಜನೆ ಮಾಡೋ ತಂಡದಲ್ಲಿ ತಂದೆ–ತಾಯಿಯೂ ಸದಸ್ಯರು. ಮೀಟಿಂಗಿನಲ್ಲಿ ಏನು ನಡೀತಿದೆ ಅಂತ ಅವರಿಗೆ ಅರ್ಥವಾಗೋ ಹಾಗೆ ದುಭಾಷಿ ಒದಗಿಸೋದು ಶಾಲೆಯ ಹೊಣೆ. ಆ ಅಮ್ಮನಿಗೆ ಇದು ಗೊತ್ತಾ?"

ಗೊತ್ತಿರಲಿಲ್ಲ. ಮೀಟಿಂಗಿನಲ್ಲಿ ಭಾಷಾಂತರ ಮಾಡಿದ್ದು ಹುಡುಗನ ಅಕ್ಕ, ಹನ್ನೊಂದು ವರ್ಷದವಳು. ತಮ್ಮನಿಗೆ ಏನೇನು ಬರುವುದಿಲ್ಲ ಎಂಬ ಪಟ್ಟಿಯನ್ನು ಅವಳೇ ಅಮ್ಮನಿಗೆ ಕನ್ನಡದಲ್ಲಿ ಹೇಳಿದ್ದಳು.

ಹಿರಿಯರು ವರದಿಯನ್ನು ಮಡಿಸಿಟ್ಟರು. "ಅವರಪ್ಪನಿಗೆ ಅತಿ ಹೆಚ್ಚು ಹೆದರಿಕೆ ಯಾವುದಕ್ಕೆ, ಕೇಳಿದ್ದೀಯಾ?"

"ಅವರೇ ಹೇಳಿದ್ರು. ನಮ್ಮ ಕಾಲ ಆದ ಮೇಲೆ ಇವನ ಗತಿ ಏನು ಅಂತ. ಮಗಳು ಇದ್ದಾಳೆ, ನೋಡಿಕೊಳ್ತಾಳೆ ಅಂತಲೂ ಅಂದ್ರು."

"ನಮ್ಮ ಮನೆಗಳ ಶಕ್ತಿಯೂ ಅದೇ, ತೊಂದರೆಯೂ ಅದೇ. ಅಕ್ಕ ಇದ್ದಾಳಲ್ಲ ಅಂತ ಅಂದುಕೊಂಡುಬಿಡ್ತೀವಿ. ಅಮೆರಿಕದಲ್ಲಿ 18 ತುಂಬಿದ ಕೂಡಲೇ ಸಾಮಾನ್ಯವಾಗಿ ಹಕ್ಕುಗಳೆಲ್ಲ ಹುಡುಗನಿಗೇ ಹೋಗುತ್ತೆ, ಅಪ್ಪ–ಅಮ್ಮ ತಾವಾಗಿ ಪಾಲಕರಾಗಿ ಉಳಿಯಲ್ಲ. ಅವರು ವಾಪಸ್ ಹಾಸನಕ್ಕೆ ಬಂದ್ರೆ ಇಲ್ಲಿ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಇದೆ. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರೋ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಪಾಲಕರನ್ನ ನೇಮಿಸಿಕೋಬೇಕು. ಎರಡೂ ಕಡೆಯ ನಿಯಮ ಅವರಪ್ಪನಿಗೆ ಈಗಲೇ ಬರೆದು ಕಳಿಸು. ಇನ್ನೂ 12 ವರ್ಷ ಇದೆ ಅಂತ ಬಿಡಬೇಡ."

"ಮತ್ತೆ ಅಕ್ಕ?"

"ಮುಂದಿನ ಮೀಟಿಂಗಿಗೆ ಶಾಲೆಯಿಂದಲೇ ದುಭಾಷಿ ಬರಲಿ ಅಂತ ಅಮ್ಮನ ಹೆಸರಲ್ಲಿ ಪತ್ರ ಬರೆಸು, ಆ ಹುಡುಗಿಯನ್ನ ಆ ಕೆಲಸದಿಂದ ಬಿಡಿಸು. ಆಮೇಲೆ ಅಪ್ಪ–ಅಮ್ಮನಿಗೆ ಹೇಳಿ ಒಪ್ಪಿಗೆ ತಗೊಂಡು ಅವಳ ಜೊತೆ ಒಂದು ಸಲ ಬೇರೆಯಾಗಿ ಮಾತಾಡು. ತಮ್ಮನ ಬಗ್ಗೆ ಕೇಳೋಕೆ ಮುಂಚೆ ಅವಳ ಶಾಲೆ, ಅವಳ ಗೆಳತಿಯರ ಬಗ್ಗೆ ಕೇಳು. ಗೆಳತಿಯರನ್ನ ಮನೆಗೆ ಕರೀತಾಳಾ ಅಂತ ಕೇಳು."

ಯುವತಿ ಫೋನ್ ತೆಗೆದು ನ್ಯೂಜೆರ್ಸಿಯ ಸಮಯ ನೋಡಿದಳು. ಅಲ್ಲಿ ಬೆಳಗಾಗಿತ್ತು, ಶಾಲೆಯ ಬಸ್ಸು ಬರಲು ಇನ್ನೂ ಹೊತ್ತಿತ್ತು. ಅಜ್ಜಿ ಮೊಮ್ಮಗನ ಜೊತೆ ಕನ್ನಡದಲ್ಲೇ ಮಾತಾಡಬಹುದು, ಅದರಿಂದ ಅವನಿಗೆ ಯಾವ ಕೆಡುಕೂ ಆಗುವುದಿಲ್ಲ ಎಂದು ಆ ತಾಯಿಗೆ ಸಂದೇಶ ಕಳಿಸಿ, ದುಭಾಷಿಯ ಪತ್ರ ಬರೆಯಲು ಕೂತಳು.